ಬಗಾರಾ ಅನ್ನದ ಉಪ್ಪು

ಅರವತ್ತಕ್ಕೆ ಅರಳು ಮರಳು ಎಂಬ ಗಾದೆಯನ್ನು ಶಹಾಪುರದ ಶಾಲೆಯಲ್ಲಿ ಎಷ್ಟೋ ಸಲ ಬೋರ್ಡಿನ ಮೇಲೆ ಬರೆದು ಮಕ್ಕಳ ಜೊತೆ ನಕ್ಕಿದ್ದೇನೆ. ನಿವೃತ್ತಿಯಾಗಿ ನನಗೇ ಅರವತ್ತು ತುಂಬಿದ ಮೇಲೆ ನಗು ನಿಂತಿತು. ಚಷ್ಮಾ ಎಲ್ಲಿಟ್ಟೆ ಎಂದು ಹುಡುಕಿದರೂ ಎದೆ ಧಸಕ್ಕೆನ್ನುತ್ತಿತ್ತು. ಮೂವತ್ತರಲ್ಲೂ ಹೀಗೇ ಹುಡುಕುತ್ತಿದ್ದೆ. ಆಗ ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ, ನಾನೂ.

ರಂಜಾನಿನಲ್ಲಿ ಒಂದು ದಿನ ಮಸೀದಿಗೆ ಮಸಾಲೆ ಒಗ್ಗರಣೆಯ ಬಗಾರಾ ಅನ್ನ ಕಳಿಸುವುದು ನಮ್ಮ ಮನೆಯ ಪದ್ಧತಿ. ಇಡೀ ಓಣಿ ಉಣ್ಣುವ ಅನ್ನ. ರೋಜಾ ಉಪವಾಸವಿದ್ದು ಮಾಡುವ ಅಡುಗೆಯಾದ್ದರಿಂದ ರುಚಿ ನೋಡುವಂತಿಲ್ಲ. ನಾಲಿಗೆ ತುದಿಗೆ ಹಚ್ಚಿ ಉಗುಳಿದರೆ ನಡೆಯುತ್ತದೆ ಎನ್ನುವವರಿದ್ದಾರೆ, ನನ್ನ ಮನಸ್ಸು ಒಪ್ಪುವುದಿಲ್ಲ. ಹೀಗಾಗಿ ಉಪ್ಪೆಲ್ಲ ನೆನಪಿನ ಮೇಲೆಯೇ. ಈ ಸಲ ತಪ್ಪಿದರೆ ಆ ದೊಡ್ಡ ಪಾತ್ರೆ ಮುಟ್ಟುವುದನ್ನೇ ಬಿಡಬೇಕೆಂದು ಒಳಗೊಳಗೇ ನಿರ್ಧರಿಸಿದ್ದೆ.

ಎಸರು ಕುದಿಯುತ್ತಿತ್ತು. ಹಾಲಿನವನು ಕೂಗಿದ, ಹೋಗಿ ಬಂದೆ. ಬಂದು ನಿಂತರೆ ತಲೆ ಖಾಲಿ. ಉಪ್ಪು ಹಾಕಿದ್ದೆನೇ?

ಪಕ್ಕದಲ್ಲೇ ಸೊಸೆ ಇದ್ದಳು. ಶಾಲೆಯಲ್ಲಿ ನನ್ನ ಕೈಯಲ್ಲೇ ಕಲಿತವಳು. ಮನೆಮಾತು ದಖನಿ ಉರ್ದುವಾದರೂ ನಮ್ಮಿಬ್ಬರದು ಕನ್ನಡವೇ.

"ಹಾಕಿಲ್ರಿ ಅಮ್ಮಿ. ನಾ ಇಲ್ಲೇ ನಿಂತೀನಲ್ಲ," ಎಂದವಳೇ ಮುಷ್ಟಿ ತುಂಬ ಉಪ್ಪು ಎತ್ತಿದಳು.

ಇಪ್ಪತ್ತಾರರ ನೆನಪಿನ ಮುಂದೆ ಅರವತ್ತರದು ಏನು ಬಾಯಿ ಬಿಟ್ಟೀತು? ಆದರೂ ಅವಳ ಕೈ ಹಿಡಿದೆ. "ತಡಿ ಸ್ವಲ್ಪ," ಎಂದು ಕಂಪೌಂಡಿನಾಚೆಯ ನೆರೆಮನೆಯಾಕೆಯನ್ನು ಕೂಗಿದೆ. ಅವಳಿಗೆ ರೋಜಾ ಇಲ್ಲ. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು, ಸೌಟಿನ ಎಸರನ್ನು ಊದಿ ಊದಿ ಕುಡಿದಳು.

"ಬರಾಬರಿ ಐತ್ರಿ ಅಕ್ಕೋರ. ಇನ್ನೊಂದ್ ಹಿಡಿ ಬಿದ್ದಿದ್ರ ಬಾಯಾಗ ಇಡಾಕ ಆಗ್ತಿದ್ದಿಲ್ಲ ನೋಡ್ರಿ."

ಅಲ್ಲೇ ಮಣೆಯ ಮೇಲೆ ಕೂತುಬಿಟ್ಟೆ. ಎಂಥ ಹಗುರ! ಸೊಸೆ ಉಪ್ಪನ್ನು ಡಬ್ಬಿಗೆ ಸುರಿದು, "ನನ್ನ ಲಕ್ಷ್ಯ ಎಲ್ಲಿತ್ತೋ ಏನೋ," ಎಂದು ನಕ್ಕು ಅಕ್ಕಿ ತೊಳೆಯಲು ಹೋದಳು. ಅಷ್ಟೇ. ಅವಳು ಮರೆತರೆ ಲಕ್ಷ್ಯವಿರಲಿಲ್ಲ ಎಂದಾಗುತ್ತದೆ, ನಾನು ಮರೆತರೆ ವಯಸ್ಸಾಯಿತು ಎಂದು. ಹೊಟ್ಟೆಕಿಚ್ಚೂ ಆಯಿತು, ನಗುವೂ ಬಂತು.

ಸಂಜೆ ಖರ್ಜೂರ ತಿಂದು ರೋಜಾ ಬಿಟ್ಟು, ಮನೆಯವರಿಗೆಂದು ತೆಗೆದಿಟ್ಟ ಅನ್ನದ ಮೊದಲ ತುತ್ತು ಬಾಯಿಗಿಟ್ಟೆ. ಉಪ್ಪು ಹಾಕಿದ್ದು ನನಗೆ ಇವತ್ತಿಗೂ ನೆನಪಿಲ್ಲ. ಆದರೆ ಹಾಕಿದವಳು ನಾನೇ.

ಮಸೀದಿಯಿಂದ ಪಾತ್ರೆ ಖಾಲಿಯಾಗಿ ಬಂತು. ತೊಳೆದಿಡುವಾಗ ಸೊಸೆಗೆ ಸ್ವಲ್ಪ ಜೋರಾಗಿಯೇ ಹೇಳಿದೆ, "ಮುಂದಿನ ವರ್ಷಾನೂ ನಾನೇ ಮಾಡಾಕಿ."

ಅವಳು ತಲೆ ಎತ್ತಿ ನೋಡಿದಳು.

"ಮತ್ಯಾರು ಮಾಡ್ತಾರ್ರಿ ಅಮ್ಮಿ?"