ಕಣ್ಣು ಮುಚ್ಚದ ಕಾರು

ನನಗೆ ಕಾರು ಬೇಕಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ನೆಂಟರಲ್ಲಿ ಅರ್ಧ ಜನ, ಇವಳ ಆಸೆಗೇ ಗಂಡ ಕಾರು ತಂದ ಅಂತ ಈಗಲೂ ಆಡಿಕೊಳ್ಳುತ್ತಾರೆ. ನನಗೆ ಬೇಕಾಗಿದ್ದದ್ದು ಇವರು ನೆಟ್ಟಗೆ ಮನೆ ಸೇರುವುದು, ಅಷ್ಟೇ. ನಾವಿರುವುದು ಹೊಸೂರಿನ ಮಗ್ಗುಲಿನ ಅವಲಪಲ್ಲಿಯಲ್ಲಿ, ಇವರ ಫ್ಯಾಕ್ಟರಿ ಇರುವುದು ಸೂಳಗಿರಿ ಹತ್ತಿರ. ಒಂದು ವಾರ ಬೆಳಗಿನ ಶಿಫ್ಟು, ಒಂದು ವಾರ ರಾತ್ರಿ ಶಿಫ್ಟು, ನಡುವೆ ಊರಲ್ಲಿ ನಮ್ಮ ಗುಲಾಬಿ ತೋಟದ ಕೆಲಸ ಬೇರೆ. ಒಂದು ಸಲ ಶಿಫ್ಟು ಮುಗಿಸಿ ಬರುವಾಗ ಬೈಕಿನ ಮೇಲೆ ತೂಕಡಿಸಿ, ಹೆದ್ದಾರಿ ಪಕ್ಕದ ಮೋರಿಗೆ ಬಿದ್ದು, ಮೈಯೆಲ್ಲ ಕೆಸರು ಮಾಡಿಕೊಂಡು ಬಾಗಿಲಲ್ಲಿ ನಿಂತು ನಕ್ಕರು. ನಾನು ನಗಲಿಲ್ಲ. ಆ ಕಥೆ ಊರೆಲ್ಲ ಹಬ್ಬಿತು, ಎಲ್ಲರೂ ಇವರನ್ನು ತಮಾಷೆ ಮಾಡಿದರು. ಮುಂದೆ ಅದೇ ತಮಾಷೆ ನಮ್ಮ ಕುತ್ತಿಗೆಗೆ ಬರುತ್ತದೆ ಅಂತ ಆಗ ಯಾರಿಗೆ ಗೊತ್ತಿತ್ತು.

ಆ ಮೋರಿಯ ಭಯದಿಂದಲೇ ಹೊಸೂರಿನ ಶೋರೂಮಿಗೆ ಹೋದೆವು. ಅಲ್ಲಿನ ಸೇಲ್ಸ್‌ನವನು ಮೊದಲು ತಮಿಳಿನಲ್ಲಿ ಶುರು ಮಾಡಿದ, ಆಮೇಲೆ ತೆಲುಗಿಗೆ ಬಂದ, ನಾವಿಬ್ಬರೂ ಪಿಸುಗುಟ್ಟಿದ್ದು ಕಿವಿಗೆ ಬಿದ್ದದ್ದೇ ಕನ್ನಡಕ್ಕೆ ತಿರುಗಿದ. ಶಿಫ್ಟಿನ ಕೆಲಸ, ನಿದ್ದೆಯ ಕಾಟ, ಎಲ್ಲವನ್ನೂ ಇವರು ಮುಚ್ಚಿಡದೆ ಹೇಳಿದರು. ಅವನ ಮುಖ ಅರಳಿತು.

“ಹಂಗಂದ್ರೆ ನಿಮಗೋಸ್ಕರಾನೇ ಮಾಡಿರೋ ಗಾಡಿ ಅಣ್ಣಾ ಇದು. ನೀವು ಕಣ್ಣು ಮುಚ್ಚುದ್ರೂ ಇದು ಕಣ್ಣು ಮುಚ್ಚಲ್ಲ,” ಅಂದ.

ಹಿಂದಿನ ಅಂಗಳದಲ್ಲಿ ದೊಡ್ಡ ರಟ್ಟಿನ ಡಬ್ಬವೊಂದನ್ನು ನಿಲ್ಲಿಸಿ, ನಮ್ಮನ್ನು ಒಳಗೆ ಕೂರಿಸಿಕೊಂಡು ನೇರ ಅದರ ಕಡೆಗೇ ಓಡಿಸಿದ. ಬ್ರೇಕಿನಿಂದ ಕಾಲು ತೆಗೆದು ಪಕ್ಕಕ್ಕಿಟ್ಟು ತೋರಿಸಿದ. ಕಾರು ಡಬ್ಬದ ಮುಂದೆ ತಾನೇ ಗಕ್ಕನೆ ನಿಂತಿತು. ಇವರು ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. ಅಲ್ಲಿಗೆ ತೀರ್ಮಾನವಾಗಿ ಹೋಯಿತು.

ಕಾರು ಕೊಡುವ ದಿನ ಶೋರೂಮಿನವರೇ ಪೂಜೆ ಇಟ್ಟುಕೊಂಡಿದ್ದರು. ರೇಷ್ಮೆ ಸೀರೆ ಉಟ್ಟ ಒಬ್ಬ ಹುಡುಗಿ ತಟ್ಟೆ ತಂದು, ಕಾರಿನ ಮೂತಿಯ ಮೇಲಿರುವ ಕಂಪನಿ ಗುರುತಿಗೆ ಗಂಧ ಮೆತ್ತಿ, ಅದರ ಮೇಲೆ ರೂಪಾಯಿಯಗಲ ಕುಂಕುಮವಿಟ್ಟಳು. ಚೆಂಡುಹೂವಿನ ಹಾರ ಹಾಕಿದರು, ಚಕ್ರದಡಿ ನಿಂಬೆಹಣ್ಣು ಇಟ್ಟರು, ನಮ್ಮಿಬ್ಬರ ಕೈಗೆ ಆಳೆತ್ತರದ ರಟ್ಟಿನ ಬೀಗದಕೈ ಕೊಟ್ಟು ಫೋಟೋ ಹಿಡಿದರು. ಆಮೇಲೆ ಪ್ರತಿ ಶುಕ್ರವಾರ ಕಾರು ತೊಳೆದು, ಅವಳು ಇಟ್ಟ ಜಾಗದಲ್ಲೇ, ಹಳೆಯದನ್ನು ಒರೆಸದೆ ಅದರ ಮೇಲೇ ನಾನೂ ಗಂಧ ಕುಂಕುಮ ಇಡುತ್ತಿದ್ದೆ. ನಮ್ಮ ಕಡೆ ನೇಗಿಲಿಗೂ ಇಡುತ್ತೇವೆ, ಪಂಪುಸೆಟ್ಟಿಗೂ ಇಡುತ್ತೇವೆ. ಅನ್ನ ಕೊಡುವ ವಸ್ತುವಿನ ಹಣೆ ಬರಿದಾಗಿರಬಾರದು ಅಂತ ನಮ್ಮಮ್ಮ ಹೇಳುತ್ತಿದ್ದಳು.

ಸುಳ್ಳು ಯಾಕೆ ಹೇಳಲಿ, ಮೊದಮೊದಲು ಕಾರು ಚೆನ್ನಾಗೇ ನಡೆದುಕೊಂಡಿತು. ತಳಿ ರಸ್ತೆಯಲ್ಲಿ ಒಂದು ದಿನ ಹಸುವೊಂದು ಅಡ್ಡ ಬಂದಾಗ ಇವರ ಕಾಲಿಗಿಂತ ಮೊದಲು ಅದೇ ಬ್ರೇಕು ಹಾಕಿತು. ಅಂದಿನಿಂದ ಇವರಿಗೆ ಅದು ಕಾರಾಗಿ ಉಳಿಯಲಿಲ್ಲ, ಮನೆಮಗನಾಯಿತು. ಹೆದ್ದಾರಿಗೆ ಬಂದರೆ ಸಾಕು, ಗುಂಡಿ ಒತ್ತಿ ವೇಗವನ್ನು ಅದಕ್ಕೇ ಒಪ್ಪಿಸಿ ಕಾಲು ಚಾಚಿಬಿಡುವರು. ಎದುರಿನ ಗಾಜಿನ ಕೆಳಗೆ ಆಗಾಗ ಇಂಗ್ಲಿಷಿನಲ್ಲಿ ಸಣ್ಣ ಅಕ್ಷರ ಮೂಡಿ ಹೋಗುತ್ತಿತ್ತು. ಇವರು ಓದಿದ್ದು ತಮಿಳು ಶಾಲೆಯಲ್ಲಿ, ಫ್ಯಾಕ್ಟರಿ ಇಂಗ್ಲಿಷು ಅಷ್ಟಿಷ್ಟು ಬರುತ್ತದೆ. ಬೆಲ್ಟು ಹಾಕಿಕೋ, ಬಾಗಿಲು ಮುಚ್ಚು ಅನ್ನುವಂಥದ್ದೇನೋ ಇರಬೇಕು ಅಂದುಕೊಂಡೆವು.

ಆ ದಿನ ಇವರಿಗೆ ಬೆಳಗಿನ ಶಿಫ್ಟು. ನಾನು ಸೂಳಗಿರಿಯಲ್ಲಿ ಒಂದು ಸೀಮಂತಕ್ಕೆ ಹೋಗಿದ್ದೆ. ಮಧ್ಯಾಹ್ನ ಫ್ಯಾಕ್ಟರಿ ಬಿಟ್ಟು ಬಂದು ನನ್ನನ್ನು ಹತ್ತಿಸಿಕೊಂಡರು. ಹೆದ್ದಾರಿಯಲ್ಲಿ ಎಂದಿನಂತೆ ಕಾರಿಗೇ ವೇಗ ಒಪ್ಪಿಸಿ, ಗುಲಾಬಿಗೆ ಬಿದ್ದ ಹುಳದ ವಿಚಾರ ಮಾತಾಡುತ್ತಾ ಬರುತ್ತಿದ್ದೆವು. ಔಷಧಿ ಹೊಡೆಯುವುದು ತಡವಾಯಿತೆಂದು ನಾನು ರೇಗುತ್ತಿದ್ದೆ, ಅವರು ಉತ್ತರ ಕೊಡುತ್ತಿದ್ದರು. ಅವರು ಎಚ್ಚರವಾಗಿದ್ದರು. ಯಾವ ದೇವರ ಮುಂದೆ ಬೇಕಾದರೂ ಕರ್ಪೂರ ಆರಿಸಿ ಆಣೆ ಇಡುತ್ತೇನೆ. ಮುಂದೆ, ಎಲೆಕೋಸು ತುಂಬಿದ ಟ್ರ್ಯಾಕ್ಟರೊಂದು ಟ್ರೈಲರಿನ ಟೈರು ಒಡೆದು ಅರ್ಧ ರಸ್ತೆಯಲ್ಲಿ ನಿಂತಿತ್ತು. ನಾನು ನೋಡಿದೆ. ಅವರೂ ನೋಡಿದರು. ನಾನು ಅವರ ತೋಳು ಹಿಡಿದುಕೊಂಡೆ.

“ನಿಲ್ತದೆ ಇರು,” ಅಂದರು.

ನಿಲ್ಲಲಿಲ್ಲ. ಅವರ ಕಾಲು ಬ್ರೇಕಿಗೆ ಹೋಗುವ ಹೊತ್ತಿಗೆ ಹೊತ್ತು ಮೀರಿತ್ತು. ಗಾಜಿನ ತುಂಬ ಎಲೆಕೋಸು. ನನ್ನ ಬೆಲ್ಟು ಎದೆಗೆ ಬಿಗಿದುಕೊಂಡು ಬಿಡಿಸಲು ಬರಲಿಲ್ಲ. ಬಾಗಿಲು ತೆಗೆಯಲು ಬರಲಿಲ್ಲ. ಇವರ ಬಲಗಾಲು ಒಳಗೆಲ್ಲೋ ಸಿಕ್ಕಿಕೊಂಡಿತ್ತು, ಅವರು ಕೂಗಲೂ ಇಲ್ಲ, ಬಾಯಿ ತೆರೆದುಕೊಂಡು ಕೂತಿದ್ದರು. ಕಾರು ಮಾತ್ರ ಏನೂ ಆಗದ ಹಾಗೆ ಟಿಂಗ್ ಟಿಂಗ್ ಅಂತ ಬಡಿದುಕೊಳ್ಳುತ್ತಲೇ ಇತ್ತು. ಟ್ರ್ಯಾಕ್ಟರಿನವನು ಕುಡುಗೋಲು ತಂದು ಬೆಲ್ಟು ಕೊಯ್ದು ನನ್ನನ್ನು ಎಳೆದುಕೊಂಡ. ಇವರನ್ನು ತೆಗೆಯಲು ಕ್ರೇನು ಬರಬೇಕಾಯಿತು. ಅಷ್ಟು ಹೊತ್ತೂ ರಸ್ತೆಯಲ್ಲಿ ಕೂತು ಆ ಟಿಂಗ್ ಟಿಂಗ್ ಕೇಳಿದ್ದೇನೆ, ಇವತ್ತಿಗೂ ಅದು ಕಿವಿ ಬಿಟ್ಟು ಹೋಗಿಲ್ಲ.

ಕಾಲಿಗೆ ರಾಡು ಹಾಕಿದರು. ಆಸ್ಪತ್ರೆಗೆ ನೋಡಲು ಬಂದವರೆಲ್ಲ ಮೊದಲು ಕೇಳಿದ್ದು ಒಂದೇ ಮಾತು, ತೂಕಡಿಸಿದೆಯಾ ಅಂತ. ಪೊಲೀಸಿನವರೂ ಅದನ್ನೇ ಕೇಳಿದರು. ಕಂಡೆ, ನಿಲ್ಲುತ್ತದೆ ಅಂದುಕೊಂಡೆ ಅಂತ ಇವರು ನಿಜ ಹೇಳಿದರೆ, ಪೊಲೀಸಿನವರು ನನ್ನ ಮುಖ ನೋಡಿದರು. ಕಂಡೂ ಕಂಡೂ ಯಾರಾದರೂ ಹೋಗಿ ಗುದ್ದುತ್ತಾರಾ, ನಿದ್ದೆ ಅಂತಲೇ ಇಟ್ಟುಕೊಳ್ಳೋಣ, ನಿಮಗೂ ಸುಲಭ ಅಂದರು. ನನ್ನ ಮೈ ಉರಿದುಹೋಯಿತು. ಬೈಕಿನ ಮೇಲೆ ತೂಕಡಿಸಿದ್ದು ನಿಜ. ಆ ದಿನ ಕಾರಿನಲ್ಲಿ ಎಚ್ಚರವಾಗಿದ್ದದ್ದೂ ನಿಜ. ಆದರೆ ಹಳೆಯದನ್ನು ಕೇಳಿ ನಕ್ಕವರೆಲ್ಲ ಹೊಸದನ್ನು ನಂಬಲು ತಯಾರಿರಲಿಲ್ಲ.

ಕಂಪನಿಯ ಇಂಜಿನಿಯರು ಚೆನ್ನೈಯಿಂದ ಬಂದ. ನಜ್ಜುಗುಜ್ಜಾದ ಕಾರು ಶೋರೂಮಿನ ಹಿಂದೆ ನಿಂತಿತ್ತು, ಆ ದಿನ ರಟ್ಟಿನ ಡಬ್ಬ ನಿಲ್ಲಿಸಿದ್ದ ಅಂಗಳದಲ್ಲೇ. ಅವನು ಬಗ್ಗಿ ನೋಡಿ, ಕಂಪನಿ ಗುರುತಿನ ಮೇಲೆ ಬೆರಳು ಉಜ್ಜಿ, ಆ ಬೆರಳನ್ನು ನನ್ನ ಮುಂದೆ ಹಿಡಿದ. ವಾರವಾರವೂ ಪದರ ಕಟ್ಟಿ ಒಣಗಿದ ಗಂಧ, ಕುಂಕುಮ. ಮುಂದಿನದನ್ನು ನೋಡುವ ಯಂತ್ರ ಇರುವುದೇ ಈ ಗುರುತಿನ ಹಿಂದೆ ಅಮ್ಮಾ, ಕಾರಿನ ಕಣ್ಣನ್ನು ನೀವೇ ಮೆತ್ತಿ ಮುಚ್ಚಿದ್ದೀರಿ ಅಂತ ತಮಿಳಿನಲ್ಲಿ ಮೆಲ್ಲಗೆ ಹೇಳಿದ. ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಬರೆದಿದೆಯಂತೆ. ಗಾಜಿನ ಕೆಳಗೂ ಎಚ್ಚರಿಕೆ ಬಂದಿರುತ್ತದಂತೆ. ಅದೂ ಅಲ್ಲದೆ ಇದು ಬರೀ ಸಹಾಯಕ್ಕೆ ಇರುವುದಂತೆ, ಓಡಿಸುವವನೇ ಎಲ್ಲಕ್ಕೂ ಜವಾಬ್ದಾರನಂತೆ.

ಬಾಯಿ ಬಿಟ್ಟು ಕೂಗಿದೆ, ಸುಳ್ಳಲ್ಲ. ನಿಮ್ಮ ಹುಡುಗಿಯೇ ಅಲ್ಲವೇ ಮೊದಲು ಅಲ್ಲಿ ಇಟ್ಟಿದ್ದು, ಇದು ಕಣ್ಣು ಅಂತ ಆಗ ಯಾರಾದರೂ ಬಾಯಿ ಬಿಟ್ಟಿರಾ ಅಂದೆ. ಅದು ಫೋಟೋಗೆ ಅಮ್ಮಾ, ಮನೆಗೆ ಹೋಗಿ ಒರೆಸಬೇಕಿತ್ತು ಅಂದ. ಕಣ್ಣು ಮುಚ್ಚಲ್ಲ ಅಂದಿದ್ದ ಸೇಲ್ಸ್‌ನವನನ್ನು ಕರೆಸಿ ಅಂದೆ. ಅವನು ಬಂದು, ನಾನು ಹಾಗೆ ಹೇಳೇ ಇಲ್ಲ ಅಕ್ಕಾ, ನೀವು ತಪ್ಪು ತಿಳ್ಕೊಂಡಿದ್ದೀರ ಅಂತ ನೆಲ ನೋಡಿಕೊಂಡು ಹೇಳಿದ. ನೋಡಿ ಇವರ ಚಂದ. ಬಣ್ಣದ ಮಾತೆಲ್ಲ ಕನ್ನಡದಲ್ಲಿ, ಜಾಹೀರಾತೆಲ್ಲ ತಮಿಳಿನಲ್ಲಿ, ಎಚ್ಚರಿಕೆ ಮಾತ್ರ ಇಂಗ್ಲಿಷಿನಲ್ಲಿ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡ ಹಾಗಾಗಿತ್ತು ನಮ್ಮ ಪಾಡು.

ಅದು ಸಾಲದು ಅಂತ ನಮ್ಮ ಫೋಟೋ. ಬೀಗದಕೈ ಹಿಡಿದು ಹಲ್ಲು ಕಿರಿದ ನಮ್ಮಿಬ್ಬರನ್ನು ಸೂಳಗಿರಿ ಹತ್ತಿರ ಹೆದ್ದಾರಿಗೆ ಎದುರಾಗಿ ದೊಡ್ಡ ಬೋರ್ಡು ಮಾಡಿ ನಿಲ್ಲಿಸಿದ್ದರು. ನಿಮ್ಮ ಕುಟುಂಬಕ್ಕೆ ಇನ್ನೆರಡು ಕಣ್ಣು ಅಂತ ಅದರ ಕೆಳಗೆ ತಮಿಳಿನಲ್ಲಿ ಬರೆದಿತ್ತು. ಡಾಕ್ಟರ ಹತ್ತಿರ ಹೋಗುವಾಗ ಬರುವಾಗ ನಮ್ಮ ಮುಖದ ಕೆಳಗೇ ಹಾದು ಹೋಗಬೇಕಿತ್ತು. ಅದೂ ಅದೇ ಕಾರಿನಲ್ಲಿ. ರಿಪೇರಿ ಮಾಡಿ ಮನೆ ಮುಂದೆ ತಂದು ನಿಲ್ಲಿಸಿದ್ದರು, ಗುದ್ದಿದ ಕಾರನ್ನು ಕೊಳ್ಳುವವರಿರಲಿಲ್ಲ, ರಾಡಿನ ಕಾಲಿಗೆ ಬಸ್ಸು ಹತ್ತಲು ಆಗುತ್ತಿರಲಿಲ್ಲ. ಪಕ್ಕದ ಮನೆಯವರು ಓಡಿಸುವರು, ನಾವು ಹಿಂದೆ ಕಲ್ಲಿನ ಹಾಗೆ ಕೂತಿರುವೆವು. ಬೋರ್ಡು ತೆಗೆಸಿ ಅಂತ ಶೋರೂಮಿಗೆ ಅಲೆದು ಅಲೆದು ಚಪ್ಪಲಿ ಸವೆಸಿದೆ. ಮೆತ್ತನೆ ಸೋಫಾದಲ್ಲಿ ಕೂರಿಸಿ ಕಾಫಿ ಕೊಡುವರು, ಮೇಲಿನವರಿಗೆ ಹೇಳಿದ್ದೇವೆ ಅನ್ನುವರು. ಆ ಮೇಲಿನವರು ಎಷ್ಟು ಮೇಲಿದ್ದರೋ, ನನ್ನ ಕೂಗು ಅಲ್ಲಿಗೆ ಮುಟ್ಟಲಿಲ್ಲ. ಕೊನೆಗೊಂದು ದಿನ, ಇರಲಿ ಬಿಡಿ, ಆ ಬೋರ್ಡಿನಲ್ಲೇ ನಿಮ್ಮವರು ಮೆತ್ತಿದ ಗಂಧ ಕುಂಕುಮ ಕಾಣುತ್ತಲ್ಲ, ನಾನು ಕೇಸು ಹಾಕಿದರೆ ಅದೇ ಸಾಕ್ಷಿ ಅಂದೆ. ಮಾರನೆಯ ದಿನ ಬೋರ್ಡು ಇರಲಿಲ್ಲ.

ಇದೆಲ್ಲಕ್ಕಿಂತ ನನ್ನನ್ನು ಕೊಂದದ್ದು ಇನ್ನೊಂದು. ಎಲ್ಲರೂ ಹೇಳಿ ಹೇಳಿ ಇವರಿಗೇ ಅನುಮಾನ ಬಂದುಬಿಟ್ಟಿತು. ಒಂದು ಸಂಜೆ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಾಗ, “ಇರ್ಬೋದು ಕಣೇ. ಒಂದು ಗಳಿಗೆ ಕಣ್ಣು ಹತ್ತಿತ್ತೋ ಏನೋ,” ಅಂದರು. ಹುಳದ ಔಷಧಿಯ ಬಗ್ಗೆ ನೀವು ಆಡಿದ ಒಂದೊಂದು ಮಾತನ್ನೂ ಬೇಕಾದರೆ ಹೇಳುತ್ತೇನೆ, ನಿದ್ದೆಯಲ್ಲಿ ಜಗಳವಾಡಿದಿರಾ ಅಂತ ಗದರಿದೆ. ಅವರು ಗೋಡೆ ಕಡೆ ತಿರುಗಿ ಮಲಗಿದರು. ಕಾಲು ಹೋದರೆ ಹೋಗಲಿ, ಗಂಡಸಿನ ತಲೆಯೊಳಗಿನ ನಿಜವನ್ನೇ ಕಿತ್ತುಕೊಂಡರಲ್ಲ ಪಾಪಿಗಳು ಅಂತ ಅಡುಗೆಮನೆಯಲ್ಲಿ ನಿಂತು ಅತ್ತೆ.

ಹೀಗಿರುವಾಗ ತಳಿ ಹತ್ತಿರದ ಊರಿನಲ್ಲಿರುವ ನನ್ನ ಚಿಕ್ಕಪ್ಪನ ಮಗ ಫೋನು ಮಾಡಿ, ಕಾರು ತಗೊಂಡಿದ್ದೀನಿ ಅಕ್ಕಾ, ನೀನೇ ಬಂದು ಮೊದಲ ಕುಂಕುಮ ಇಡಬೇಕು ಅಂದ. ಒಡಹುಟ್ಟಿದ ತಮ್ಮನಿಗಿಂತ ಹೆಚ್ಚು ಅವನು ನನಗೆ. ಹೋದೆವು. ತೆಂಗಿನಕಾಯಿ, ಹಾರ, ನೆರೆಯವರೆಲ್ಲ ಸುತ್ತ. ಅವನ ಹೆಂಡತಿ ಕಂಕುಳಲ್ಲಿ ಕೂಸು ಎತ್ತಿಕೊಂಡೇ ನನ್ನ ಕೈಗೆ ತಟ್ಟೆ ಕೊಟ್ಟಳು. ಆಗ ಕಾರಿನ ಮೂತಿ ನೋಡಿದೆ. ಅದೇ ಗುರುತು, ಅದೇ ಕಾರು, ಬಣ್ಣ ಮಾತ್ರ ಬೇರೆ.

ಒಳ್ಳೆಯ ಹೊತ್ತಿನಲ್ಲಿ ಕೆಟ್ಟದ್ದು ನುಡಿಯಬಾರದು ಅಂತ ನಮ್ಮಲ್ಲಿ ಕಟ್ಟುಪಾಡು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗೆ ಒಂದು ಗಳಿಗೆ ನಿಂತೆ. ಆಮೇಲೆ ತಡೆಯಲಾಗದೆ ಹೇಳಿಯೇಬಿಟ್ಟೆ, ಇದನ್ನು ನಂಬಬೇಡ ಕಣಪ್ಪಾ, ನಿಮ್ಮ ಭಾವನ ಕಾಲು ಮುರಿದದ್ದು ಇದೇ ಅಂತ. ತಮ್ಮ ನಕ್ಕ. ಸಿಟ್ಟಿನ ನಗೆಯಲ್ಲ, ಪ್ರೀತಿಯದೇ.

“ನಿಮ್ಮ ಕಥೆ ಕೇಳೇ ಅಲ್ವಾ ಅಕ್ಕಾ ತಗೊಂಡಿದ್ದು. ಶೋರೂಮ್‌ನೋರೇ ಹೇಳುದ್ರು. ಭಾವ ತೂಕಡಿಸ್ಬುಟ್ಟು ಟ್ರ್ಯಾಕ್ಟರ್‌ಗೆ ಗುದ್ದುದ್ರಂತೆ, ಬೇರೆ ಗಾಡಿ ಆಗಿದ್ರೆ ಇಬ್ರೂ ಹೋಗ್ಬುಡ್ತಿದ್ರಂತೆ. ಈ ಕಾರೇ ನಿಮ್ಮನ್ನ ಉಳುಸ್ತಂತಲ್ಲ.”

ಬೋರ್ಡು ಇಳಿಸಿದ್ದರು, ನಿಜ. ನಮ್ಮ ಮುರಿದ ಕಾಲನ್ನೇ ಬಾಯಿಂದ ಬಾಯಿಗೆ ಬೋರ್ಡು ಮಾಡಿಕೊಂಡು ಮಾರುತ್ತಿದ್ದರು.

ಊರುಗೋಲು ಹಿಡಿದು ಪಕ್ಕದಲ್ಲಿದ್ದ ಇವರು ತಲೆ ಎತ್ತಿದರು.

“ನಾನು ತೂಕಡಿಸ್ಲಿಲ್ಲ ಕಣ್ಲಾ,” ಅಂದರು. “ನೋಡ್ತಾನೇ ಇದ್ದೆ. ನಿಲ್ತದೆ ಅಂದ್ಕಂಡೆ.”

ಎಷ್ಟು ತಿಂಗಳ ಮೇಲೆ ಆ ಮಾತು ಹೊರಗೆ ಬಂತು. ನನ್ನ ಕಣ್ಣು ತುಂಬಿತು. ಆದರೆ ಅಲ್ಲಿದ್ದ ಯಾರೂ ಅದನ್ನು ಎತ್ತಿಕೊಳ್ಳಲಿಲ್ಲ. ಇರ್ಲಿ ಬಿಡಿ ಭಾವ, ಯಾರ್ಗೆ ಆಗಲ್ಲ ಅಂತ ತಮ್ಮ ಇವರ ಹೆಗಲು ತಟ್ಟಿದ. ರಾಹುಕಾಲ ಬರುತ್ತದೆ ಅಂತ ಯಾರೋ ಅವಸರ ಮಾಡಿದರು. ಅಕ್ಕನಿಗೆ ಇನ್ನೂ ಭಯ ಹೋಗಿಲ್ಲ ಅಂದುಕೊಂಡು ಅವನ ಹೆಂಡತಿ ನನ್ನ ಕೈಯ ತಟ್ಟೆ ಮೆಲ್ಲಗೆ ತೆಗೆದುಕೊಂಡು, ಸರಿಯಾಗಿ ಗುರುತಿನ ನಡುವೆ ಕುಂಕುಮ ಇಟ್ಟಳು.

ಹೊಸ ಗಾಡಿಯಲ್ಲಿ ಮೊದಲ ಸುತ್ತು ಹಿರಿಯರನ್ನು ಕೂರಿಸಿಕೊಂಡು ದೇವಸ್ಥಾನಕ್ಕೆ ಹೋಗಬೇಕು. ಒಲ್ಲೆ ಅಂದರೆ ಶಾಪ ಹಾಕಿದ ಹಾಗೆ. ಇವರನ್ನು ಮುಂದೆ ಕೂರಿಸಿದರು. ನಾನು ಹಿಂದೆ, ಪಕ್ಕದಲ್ಲಿ ಅವಳು, ಅವಳ ಮಡಿಲಲ್ಲಿ ಕೂಸು. ಬಾಗಿಲುಗಳು ತಾವಾಗಿ ಲಾಕಾದವು. ಊರು ದಾಟಿ ಇಳಿಜಾರು ಬಂತು. ಕುಂಕುಮ ಒರೆಸಿಬಿಡೋಣ, ಒಂದು ನಿಮಿಷ ನಿಲ್ಲಿಸಪ್ಪಾ ಅಂತ ಬೇಡಿಕೊಂಡೆ. ಸುಮ್ನಿರಕ್ಕ, ಈಗ ನೋಡು ಅಂದು ತಮ್ಮ ಗುಂಡಿ ಒತ್ತಿ ಸ್ಟೀರಿಂಗಿನಿಂದ ಎರಡೂ ಕೈ ಮೇಲೆತ್ತಿದ. ಮುಂದಿನ ಸೀಟಿನಲ್ಲಿ ಇವರು, ರಾಡು ಹಾಕಿದ ಆ ಬಲಗಾಲನ್ನು, ಬ್ರೇಕೇ ಇಲ್ಲದ ಜಾಗದಲ್ಲಿ, ನೆಲಕ್ಕೆ ಒತ್ತಿ ಹಿಡಿದಿದ್ದರು.