ಎರಡು ಚುಕ್ಕೆಯ ಕಬ್ಬಿಣ

ಇಸ್ತ್ರಿಪೆಟ್ಟಿಗೆಯ ಕೆಂಡದ ವಾಸನೆ ನನಗೆ ಮೊದಲಿನಿಂದಲೂ ಇಷ್ಟ. ಮೊನ್ನೆ ಅಂಗಿಯ ಅಳತೆ ಕೊಡಲು ನಮ್ಮ ಅಜ್ಜಂಪುರದ ಟೈಲರ್ ರುದ್ರಣ್ಣನ ಅಂಗಡಿಗೆ ಹೋದಾಗಲೂ ಅದನ್ನೇ ಹೀರುತ್ತ ನಿಂತಿದ್ದೆ. ಕತ್ತರಿಸುವಾಗ ಬಟ್ಟೆ ಜರುಗದಂತೆ ಅವನು ಅದರ ಮೇಲೊಂದು ಭಾರ ಇಡುತ್ತಾನೆ. ಇಷ್ಟು ವರ್ಷವೂ ಅದಕ್ಕೊಂದು ಬಟ್ಟೆಯ ಗವಸು ಇರುತ್ತಿತ್ತು. ಅವತ್ತು ಗವಸು ಹರಿದು ಒಳಗಿನ ಕಬ್ಬಿಣದ ತುಂಡು ಕಾಣುತ್ತಿತ್ತು. ಮೂಲೆಯಲ್ಲಿ ಎರಡು ಚುಕ್ಕೆ.

ಚುಕ್ಕೆಯ ವಿಷಯ ನಿಮಗೆ ಹೇಳಬೇಕು. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟು ವೆಲ್ಡಿಂಗ್ ಹಿಡಿದವನು. ನನ್ನ ಸಹಿ ಕೋಳಿ ಕೆದರಿದ ಹಾಗಿರುತ್ತದೆ. ಅದಕ್ಕೇ ಕತ್ತರಿಸಿದ ಪ್ರತಿ ತುಂಡಿಗೂ ಎರಡು ಚುಕ್ಕೆ ಹೊಡೆಯುತ್ತೇನೆ. ಕಡೂರಿನಿಂದ ತರೀಕೆರೆಯವರೆಗೆ ಯಾವ ಗೇಟಿನಲ್ಲಿ ಅದು ಕಂಡರೂ ಬಸ್ಸಿನಲ್ಲಿ ಪಕ್ಕದವರಿಗೆ ತೋರಿಸಿ ತಲೆ ತಿನ್ನುತ್ತೇನೆ.

ಬಹಳ ವರ್ಷದ ಹಿಂದೆ, ಊರಹಬ್ಬದ ಮೆರವಣಿಗೆ ಮೊದಲು ಯಾವ ಬೀದಿಗೆ ಬರಬೇಕೆಂಬ ಮಾತಿಗೆ ನಮ್ಮ ಎರಡು ಬೀದಿಗಳು ಹೊಡೆದಾಡಿದವು. ಗುಂಪಿನ ಹಿಂದೆ ನಿಂತು ನಾನೂ ಕೈಗೆ ಸಿಕ್ಕ ಕಬ್ಬಿಣದ ತುಂಡೊಂದನ್ನು ಬೀಸಿ ಎಸೆದೆ. ಎದುರು ಬೀದಿಯ ರುದ್ರಣ್ಣನ ಹಣೆ ಒಡೆಯಿತು. ಎಸೆದವನನ್ನು ಯಾರೂ ಕಂಡಿಲ್ಲವೆಂದೇ ತಿಳಿದಿದ್ದೆ.

ಆಮೇಲೆ ಹಿರಿಯರು ಹತ್ತಿರದ ಶಿವನಿ ಊರಿನವರೆಗೆ ಶಾಂತಿ ನಡಿಗೆ ಇಟ್ಟರು. ಈ ಬೀದಿಯವನು ಆ ಬೀದಿಯವನ ಕೈ ಹಿಡಿದು ನಡೆಯಬೇಕು. ತಲೆಗೆ ಬ್ಯಾಂಡೇಜು ಸುತ್ತಿಕೊಂಡ ರುದ್ರಣ್ಣ ತಾನಾಗಿ ಬಂದು ನನ್ನ ಬಲಗೈ ಹಿಡಿದ. "ಮೆಲ್ಲಗೆ ನಡಿಯೋ, ತಲೆ ಜುಮ್ ಅಂತದೆ" ಅಂದ. ಅಂದಿನಿಂದ ನನ್ನ ಸಂಜೆಯ ಟೀ ಅವನ ಬೆಂಚಿನ ಮೇಲೆಯೇ. ಮೆರವಣಿಗೆ ಇವತ್ತಿಗೂ ಒಂದು ವರ್ಷ ಈ ಬೀದಿಗೆ ಮೊದಲು, ಇನ್ನೊಂದು ವರ್ಷ ಆ ಬೀದಿಗೆ. ಆ ನಡಿಗೆಯ ಮುಂದಿನ ಸಾಲಿನಲ್ಲಿ ನಾನಿದ್ದೆ ಎಂದು ಎಷ್ಟು ಜನರ ಮುಂದೆ ಕೊಚ್ಚಿಕೊಂಡಿದ್ದೇನೋ.

"ಅಣ್ಣಾ, ಯಾವಾಗ ಗೊತ್ತಾಯ್ತು?" ಎಂದೆ, ಹರಿದ ಗವಸಿನೊಳಗಿನ ಆ ತುಂಡನ್ನೇ ನೋಡುತ್ತ.

"ಬಿದ್ದ ದಿನಾನೇ. ಎರಡು ಚುಕ್ಕೆ ಹೊಡಿಯೋ ಜಂಬದ ಕೋಳಿ ಊರಲ್ಲಿ ಇನ್ಯಾರವ್ನೆ?"

"ಮತ್ತೆ ಕೈ ಯಾಕೆ ಹಿಡ್ಕೊಂಡೆ?"

"ಆ ಕೈ ಖಾಲಿ ಬಿಟ್ಟಿದ್ರೆ ನೀನು ಇನ್ನೊಂದು ಎಸಿತಿದ್ದೆ ಕಣೋ. ನೆಟ್ಟಗೆ ನಿಲ್ಲು, ಅಳತೆ ತಪ್ತದೆ."

ಗವಸು ಹೊಲಿದದ್ದು ನನ್ನ ಕಣ್ಣಿಗೆ ಚುಕ್ಕೆ ಬೀಳದಿರಲೆಂದು ಎಂಬುದು ಆಗ ಹೊಳೆಯಿತು.

ರವಿಕೆಗೆಂದು ಬಂದು ಕೂತಿದ್ದ ಹೆಂಗಸು ಕೇಳಿದಳು: "ಇದೇನಣ್ಣ, ಕಬ್ಬಿಣದ ಮೇಲೆ ಚುಕ್ಕೆ?"

"ಯಾವ್ದೋ ಗುಜರಿ ತುಂಡು ಕಣಮ್ಮ" ಎಂದು ರುದ್ರಣ್ಣ ಗವಸು ಎಳೆದು ಮುಚ್ಚಲು ಕೈ ಹಾಕಿದ.

ನಾನು ಆ ಕೈ ಹಿಡಿದುಕೊಂಡೆ. "ಇವನ ಹಣೆ ಒಡೆದಿದ್ದು ಇದೇ ಕಣಮ್ಮ" ಎಂದೆ. "ಚುಕ್ಕೆ ನಂದು."