ಸಾಲ್ಸಾದ ಐದು ಏಟು

ಸಾಲ್ಸಾ ಸಂಗೀತ ಕಿವಿಗೆ ಬಿದ್ದರೆ ನನ್ನ ಅಂಗೈ ಈಗಲೂ ಬೆವರುತ್ತದೆ. ಆ ಸಂಗೀತದ್ದೇನೂ ತಪ್ಪಿಲ್ಲ, ಪಾಪ. ಅಷ್ಟು ಖುಷಿಯ ಸಂಗೀತವನ್ನು ನಾನು ಬೇರೆಲ್ಲೂ ಕೇಳಿಲ್ಲ. ತಪ್ಪು ನನ್ನದು. ಅದನ್ನು ಬಾಯಿಬಿಟ್ಟು ಹೇಳಲು ನನಗೆ ಒಂದು ವರ್ಷ ಬೇಕಾಯಿತು.

ಮಾನ್ವಿಯ ಹತ್ತಿರ ನಮ್ಮದೊಂದು ಅಕ್ಕಿ ಗಿರಣಿ ಇದೆ. ಅಪ್ಪ ತೀರಿಕೊಂಡ ಮೇಲೆ ನಾನೇ ನಡೆಸುತ್ತಿದ್ದೇನೆ. ಮನೆ ರಾಯಚೂರಿನಲ್ಲಿ; ದಿನಾ ಬೆಳಿಗ್ಗೆ ಬಂದು ಸಂಜೆ ಹೋಗುತ್ತೇನೆ. ಹೆಣ್ಣುಮಗಳು ಗಿರಣಿ ನಡೆಸುತ್ತಾಳೆಯೇ ಎಂದು ಹುಬ್ಬೇರಿಸುವವರಿಗೆ ನಾನು ಹೇಳುವುದಿಷ್ಟೆ: ಯಂತ್ರಕ್ಕೆ ಮೀಸೆ ಬೇಕಿಲ್ಲ, ಕಿವಿ ಬೇಕು. ಗಿರಣಿಯವರು ಯಂತ್ರವನ್ನು ನೋಡುವುದಕ್ಕಿಂತ ಹೆಚ್ಚಾಗಿ ಕೇಳುತ್ತಾರೆ. ಜರಡಿಯದು ಒಂದು ಸದ್ದು, ಹೊಟ್ಟು ಸುಲಿಯುವುದರದು ಇನ್ನೊಂದು, ಭತ್ತವನ್ನು ಮೇಲೆತ್ತುವ ಪಟ್ಟಿಯದು ಮತ್ತೊಂದು. ಯಾವುದೋ ಒಂದು ಸ್ವಲ್ಪ ಬದಲಾದರೂ ಅಪ್ಪ ಊಟದ ತಟ್ಟೆ ಬಿಟ್ಟು ಏಳುತ್ತಿದ್ದರು. ಆ ಕಿವಿ ನನಗೂ ಬಂದಿದೆ ಎಂಬ ಜಂಬ ನನಗಿತ್ತು.

ನಮ್ಮಲ್ಲಿ ಭತ್ತ ತುಂಬುವ ಒಂದು ಎತ್ತರದ ತಗಡಿನ ಕಣಜವಿದೆ. ಹಸಿ ಭತ್ತ ಬಂದಾಗ ಅದು ಒಳಗೆ ಹೆಪ್ಪುಗಟ್ಟಿ ಕೆಳಗೆ ಇಳಿಯುವುದಿಲ್ಲ. ಆಗ ಒಬ್ಬರು ಏಣಿ ಹತ್ತಿ, ಒಳಗೆ ಇಳಿದು, ಕಬ್ಬಿಣದ ಸಲಾಕೆಯಿಂದ ಅದನ್ನು ಬಿಡಿಸಬೇಕು. ಇದಕ್ಕೆ ಅಪ್ಪ ಒಂದು ಪದ್ಧತಿ ಮಾಡಿದ್ದರು. ಇಳಿಯುವವರು ತಗಡಿಗೆ ಮೂರು ಏಟು ಹೊಡೆಯಬೇಕು: ನಾನು ಒಳಗಿದ್ದೇನೆ. ಕೆಳಗಿನವರು ಎರಡು ಏಟು ಹೊಡೆಯಬೇಕು: ಗೊತ್ತು, ನಾನಿದ್ದೇನೆ. ಆ ಎರಡು ಏಟು ಕೊಟ್ಟವರು, ಒಳಗಿನವರು ಹೊರಗೆ ಬರುವ ತನಕ ಯಾರನ್ನೂ ಬಟನ್ ಮುಟ್ಟಗೊಡಬಾರದು. ಯಂತ್ರ ಶುರುವಾದರೆ ಭತ್ತ ಕೆಳಗೆ ಜಗ್ಗುತ್ತದೆ, ಜೊತೆಗೆ ಮನುಷ್ಯನನ್ನೂ.

ಸಾಲ್ಸಾ ನನಗೆ ಸಿಕ್ಕಿದ್ದು ರಾಯಚೂರಿನ ಒಂದು ಮನೆಯ ಮಾಳಿಗೆಯ ಮೇಲೆ. ಮೈ ಇಳಿಸಲೆಂದು ಸಂಜೆ ಕುಣಿತದ ತರಗತಿಗೆ ಸೇರಿದ್ದೆ. ಅರ್ಧ ಜನ ಸೀರೆಯ ಕೆಳಗೆ ಬೂಟು ಹಾಕಿಕೊಂಡು ಬರುತ್ತಿದ್ದರು. ಹೈದರಾಬಾದಿನಿಂದ ಬಂದಿದ್ದ ಕಲಿಸುವಾಕೆ, ಇದು ಒಂದು ಸಂಗೀತವಲ್ಲ, ಹಲವು ಸೇರಿದ್ದು ಎಂದಳು: ಕ್ಯೂಬಾದ ಹಳ್ಳಿಯ ಹಾಡು, ಆಫ್ರಿಕದಿಂದ ಬಂದ ಡೋಲು, ಪೋರ್ಟೊರಿಕೊದವರ ಕುಣಿತ, ನ್ಯೂಯಾರ್ಕಿನ ಕಹಳೆ. ರಾಯಚೂರಿನವರಿಗೆ ಇದರಲ್ಲಿ ಬೆರಗೇನಿಲ್ಲ. ನಾವು ಕನ್ನಡದಲ್ಲಿ ಮಾತು ಶುರುಮಾಡಿ, ಉರ್ದುವಿನಲ್ಲಿ ಹೊರಳಿ, ತೆಲುಗಿನಲ್ಲಿ ಬೈದು ಮುಗಿಸುವವರು. ಆದರೆ ಆಮೇಲೆ ಆಕೆ ಎಲ್ಲದರ ಅಡಿಯಲ್ಲಿ ಓಡುವ ತಾಳವನ್ನು ಚಪ್ಪಾಳೆ ತಟ್ಟಿ ತೋರಿಸಿದಳು. ಕ್ಲಾವೆ ಎಂಬ ಎರಡು ಕಟ್ಟಿಗೆ ತುಂಡುಗಳ ತಾಳ. ಮೊದಲು ಮೂರು ಏಟು, ಆಮೇಲೆ ಎರಡು. ನನಗೆ ಮೈ ಜುಮ್ಮೆಂದಿತು. ಇದು ನಮ್ಮ ಗಿರಣಿಯದೇ ಅಲ್ಲವೇ!

ಅಲ್ಲಿಂದ ನನಗೆ ಹುಚ್ಚು ಹಿಡಿಯಿತು. ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಕೊನೆಗೆ ಗಿರಣಿಯಲ್ಲೂ ಇಯರ್‌ಫೋನ್. ಅಪ್ಪ ಇದ್ದಿದ್ದರೆ ಕಿತ್ತು ಬಿಸಾಕುತ್ತಿದ್ದರು.

ಆ ದಿನ ಚೀಕಲಪರ್ವಿ ಕಡೆಯಿಂದ ಹಸಿ ಭತ್ತ ಬಂದಿತ್ತು. ಮಧ್ಯಾಹ್ನ ಯಂತ್ರ ನಿಲ್ಲಿಸಿ ಎಲ್ಲರೂ ಬೇವಿನ ಮರದ ಕೆಳಗೆ ಊಟಕ್ಕೆ ಹೋಗಿದ್ದರು. ನಾನು ಕಣಜದ ಕೆಳಗಿನ ನನ್ನ ಕುರ್ಚಿಯಲ್ಲಿ, ಕಣಜವನ್ನು ಹೊತ್ತ ಕಬ್ಬಿಣದ ಕಂಬಕ್ಕೆ ಒರಗಿ ಹಾಡು ಕೇಳುತ್ತಿದ್ದೆ. ಕೈಯಲ್ಲಿ ಬೋಲ್ಟು ಬಿಗಿಯುವ ಪಾನಾ ಇತ್ತು. ಹಾಡಿನ ನಡುವೆ ಎಲ್ಲಿಂದಲೋ ಒಂದು ತಗಡಿನ ಗಂಟೆ ಸೇರಿಕೊಂಡಿತು. ಎಷ್ಟು ಚೆಂದ ಬಾರಿಸುತ್ತಾನಪ್ಪ ಎಂದುಕೊಂಡೆ. ಅದು ಮೂರು ಹೊಡೆಯಿತು, ನನ್ನ ಪಾನಾ ಕಂಬಕ್ಕೆ ಎರಡು ಹೊಡೆಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಮೂರು, ಮತ್ತೆ ನನ್ನ ಎರಡು. ಹೀಗೆ ನಾಲ್ಕೈದು ಸಲ ಆಗಿರಬೇಕು. ಪಾದವೂ ಕುಣಿಯುತ್ತಿತ್ತು.

ಚೀಲ ಹೊರುವ ಹಮಾಲರು ಊಟ ಮುಗಿಸಿ ಬರುವುದು ಕಾಣಿಸಿತು. ನಾನು ಎದ್ದು ಯಂತ್ರದ ಹಸಿರು ಬಟನ್ ಮೇಲೆ ಬೆರಳಿಟ್ಟೆ. ಅಷ್ಟರಲ್ಲಿ ಹಾಡು ಮುಗಿಯಿತು. ಗಂಟೆ ಮುಗಿಯಲಿಲ್ಲ.

ಟಣ್. ಟಣ್. ಟಣ್.

ಬೆರಳನ್ನು ಬಟನ್ ಮೇಲಿಂದ ತೆಗೆಯಲೂ ಭಯ, ಎಲ್ಲಿ ಒತ್ತಿಬಿಡುತ್ತದೋ ಎಂದು. ಇನ್ನೊಂದು ಕೈಯಿಂದ ಹಿಡಿದು ಎಳೆದುಕೊಂಡೆ. ಇಯರ್‌ಫೋನ್ ಕಿತ್ತು ಏಣಿ ಹತ್ತಿ ನೋಡಿದರೆ ಒಳಗೆ ನಮ್ಮ ಮೇಸ್ತ್ರಿ. ದೇವದುರ್ಗ ತಾಲ್ಲೂಕಿನ ಗೂಗಲ್ ಎಂಬ ಹಳ್ಳಿಯವರು, ಅಪ್ಪನ ಕಾಲದಿಂದ ನಮ್ಮಲ್ಲಿ ಇದ್ದವರು. ಉಳಿದವರು ಊಟಕ್ಕೆ ಹೋದಾಗ ಹೆಪ್ಪು ಬಿಡಿಸಲೆಂದು ನನ್ನ ಬೆನ್ನ ಹಿಂದಿನಿಂದ ಏಣಿ ಹತ್ತಿ ಇಳಿದಿದ್ದರು. ಭತ್ತ ಕಾಲ ಕೆಳಗೆ ಕುಸಿದು ಎದೆಯ ತನಕ ಹೂತಿದ್ದರು. ಸಲಾಕೆ ಹಿಡಿದ ಒಂದು ಕೈ ಮಾತ್ರ ಹೊರಗಿತ್ತು.

"ಅವಸರಿಲ್ರೀ ಅಕ್ಕಾರ, ನೀವು ಜನಾ ಕೂಡಸಾಕತ್ತೀರಿ ಅಂತ ಗೊತ್ತಿತ್ತು," ಎಂದರು. ಅವರ ದನಿ ಸಣ್ಣಗಾಗಿತ್ತು.

ಹಮಾಲರು ಉಳಿ, ಸುತ್ತಿಗೆ ತಂದು ಕಣಜದ ಕೆಳಗಿನ ತಗಡನ್ನು ಎರಡೂ ಕಡೆ ಕೊಯ್ಯತೊಡಗಿದರು. ಭತ್ತ ನಿಧಾನವಾಗಿ ಸುರಿಯಬೇಕು, ಒಂದೇ ಸಲ ಸುರಿದರೆ ಅವರನ್ನೂ ಎಳೆಯುತ್ತದೆ. ನಾನು ಕಂಬದ ಬಳಿ ನಿಂತು ಅವರ ಏಟಿಗೆ ಕಾಯುತ್ತಿದ್ದೆ. ಮೂರು ಬಂದರೆ ಎರಡು ಕೊಡುತ್ತಿದ್ದೆ. ಒಂದರಿಂದ ಇನ್ನೊಂದಕ್ಕೆ ಅಂತರ ಹೆಚ್ಚುತ್ತಾ ಹೋಯಿತು. ಒಮ್ಮೆ ಮೂರರ ಬದಲು ಎರಡೇ ಬಂದವು. ಮೂರನೆಯದಕ್ಕಾಗಿ ನಾನು ಉಸಿರು ಹಿಡಿದು ನಿಂತೆ. ಅದು ಬರಲೇ ಇಲ್ಲ. ದೇವರೇ ಎಂದು ನಾನು ಕಿರುಚಿದ್ದನ್ನು ಹಮಾಲರು ಇಂದಿಗೂ ಹೇಳುತ್ತಾರೆ. ಆಗಲೇ ತಗಡು ಬಾಯಿಬಿಟ್ಟು ಭತ್ತ ಹರಿಯಿತು. ಸ್ವಲ್ಪ ಹೊತ್ತಿನಲ್ಲಿ ಅವರನ್ನು ಕಂಕುಳು ಹಿಡಿದು ಎಳೆದರು. ಜೀವವಿತ್ತು.

ವಾರ ಕಳೆದ ಮೇಲೆ ಮೇಸ್ತ್ರಿಯ ಹೆಂಡತಿ ರೊಟ್ಟಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. "ಯವ್ವಾ, ನೀವು ಬಡದ ಸಪ್ಪಳ ಕೇಳಿ ನಮ್ಮನಿಯವ್ರು ಅಲುಗಾಡದ ನಿಂತ್ರಂತ. ಅಲುಗಾಡಿದ್ರ ಮುಳುಗಿ ಹೋಗ್ತಿದ್ರಂತ. ಈ ಕೈನ ಅವರನ್ನ ಉಳಿಸೇದ," ಎಂದಳು. ನಾನು ಹೋಳಿಗೆ ತಿಂದೆ. ಬೇಡ ಎನ್ನಲೂ ಧೈರ್ಯವಿರಲಿಲ್ಲ. ಅಂದಿನಿಂದ ಕುಣಿತದ ತರಗತಿಗೆ ಹೋಗಲಿಲ್ಲ, ಹಾಡು ಹಾಕಲಿಲ್ಲ. ಮೇಸ್ತ್ರಿ ಎದುರು ಬಂದಾಗಲೆಲ್ಲ ಇಂದು ಕೇಳಿಯೇ ಬಿಡುತ್ತಾರೆ ಎಂದು ಲೆಕ್ಕದ ಪುಸ್ತಕ ತೆರೆದು ಕೂರುತ್ತಿದ್ದೆ. ಮೊದಲ ಉತ್ತರಕ್ಕೂ ಜನ ಬಂದದ್ದಕ್ಕೂ ನಡುವೆ ಅಷ್ಟು ಹೊತ್ತು ಏಕಾಯಿತು ಎಂದು. ಅವರು ಕೇಳಲಿಲ್ಲ. ದೇವದುರ್ಗದ ತನಕ ನನ್ನ ಗುಣಗಾನ ಮಾಡಿಕೊಂಡು ಬಂದರು.

ಮರು ವರ್ಷ ಮತ್ತೆ ಹಸಿ ಭತ್ತ ಬಂತು, ಮತ್ತೆ ಹೆಪ್ಪುಗಟ್ಟಿತು. ಇಳಿಯುವವರು ಸೊಂಟಕ್ಕೆ ಹಗ್ಗ ಕಟ್ಟಲೇಬೇಕು, ಅದರ ಇನ್ನೊಂದು ತುದಿಯನ್ನು ಕೆಳಗೆ ಒಬ್ಬರು ಹಿಡಿದಿರಬೇಕು ಎಂದು ನಾನು ಹೊಸ ಪದ್ಧತಿ ಮಾಡಿದ್ದೆ. ಮೇಸ್ತ್ರಿ ಹಗ್ಗವನ್ನು ಅಲ್ಲೇ ಬಿಟ್ಟು ಏಣಿಯ ಎರಡು ಮೆಟ್ಟಿಲು ಹತ್ತಿದರು.

"ಹಗ್ಗ ಕಟ್ಟಿಕೊಳ್ರಿ," ಎಂದೆ.

"ಹಗ್ಗ ಯಾಕ್ರೀ ಅಕ್ಕಾರ? ಕೆಳಗ ನೀವು ಅದೀರಲ್ಲ," ಎಂದು ನಕ್ಕರು.

ಇನ್ನು ಸುಮ್ಮನಿದ್ದರೆ ಈ ಮನುಷ್ಯ ನನ್ನನ್ನು ನಂಬಿಯೇ ಸಾಯುತ್ತಾರೆ ಎನಿಸಿತು.

"ಮೇಸ್ತ್ರಿ, ಅವತ್ತು ಮೊದಲ ಹೊಡದದ್ದು ನಿಮಗಲ್ರಿ. ಕಿವ್ಯಾಗ ಹಾಡು ಇತ್ತು. ಹಾಡಿಗೆ ತಾಳ ಹಾಕಾಕತ್ತಿದ್ದೆ. ನೀವು ಒಳಗ ಇದ್ದದ್ದು ನನಗ ಗೊತ್ತಽ ಇರಲಿಲ್ಲ. ನನ್ನ ಬೆರಳು ಬಟನ್ ಮ್ಯಾಲಿತ್ತು."

ಅವರು ಮೆಟ್ಟಿಲ ಮೇಲೆಯೇ ನಿಂತರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಹಂಗಾದ್ರ ಅಷ್ಟೊತ್ತು ಒಳಗ ನಾ ಒಬ್ಬನಽ ಇದ್ನೇನ್ರಿ?" ಎಂದರು.

ಒಂದು ವರ್ಷ ತಡವಾಗಿ ಅವರ ಮುಖದಲ್ಲಿ ಹೆದರಿಕೆ ಬಂದದ್ದನ್ನು ನಾನು ನೋಡಿದೆ. ಅವರು ಕೆಳಗಿಳಿದು ಹಗ್ಗವನ್ನು ಸೊಂಟಕ್ಕೆ ಸುತ್ತಿ ಎರಡು ಗಂಟು ಹಾಕಿದರು. ಇನ್ನೊಂದು ತುದಿಗಾಗಿ ನಾನು ಕೈ ಚಾಚಿದೆ. ಅವರು ನನ್ನನ್ನು ದಾಟಿ ಹೋಗಿ, ಬಾಗಿಲ ಬಳಿ ಚೀಲ ಹೊಲಿಯುತ್ತಿದ್ದ ಮುದುಕ ಹಮಾಲನ ಕೈಗೆ ಅದನ್ನು ಕೊಟ್ಟು ಬಂದು ಏಣಿ ಹತ್ತಿದರು.